ಹಂಪವ್ವ ಹಿಡಿದ ಸ್ವರ

ಹೊಳೆ ದಾಟಲು ಹರಿಗೋಲೇ ಗತಿಯಾಗಿದ್ದ ಕಾಲ. ದಂಡೆಯ ಒಂದೂರಲ್ಲಿ ಹಂಪವ್ವ ಅಂತ ಒಬ್ಬಳಿದ್ದಳಂತೆ. ಅವಳ ಗಂಡ ಕೊಟ್ರಪ್ಪ ಹೊಳೆದಂಡೆಯ ದೇವಿಯ ಗುಡಿಯಲ್ಲಿ ಸನಾದಿ ಊದುವವನು. ಕೆನ್ನೆಯಲ್ಲಿ ಗಾಳಿ ಹಿಡಿದು ಮೂಗಿನಿಂದ ಉಸಿರೆಳೆಯುತ್ತಿದ್ದ. ಸಂಜೆಯ ಆರತಿ ಮುಗಿಯುವ ತನಕ ಅವನ ನಾದ ತುಂಡಾಗುತ್ತಿರಲಿಲ್ಲವಂತೆ.

ಒಂದು ಮಳೆಗಾಲ ಹರಿಗೋಲು ಮಗುಚಿತು. ಕೊಟ್ರಪ್ಪ ಹೋದ, ಮೇಳದವರು ಹೋದರು, ವಾದ್ಯಗಳೂ ಹೋದವು. ಹೆಣ ಸಿಗಲಿಲ್ಲ. ಬೇರೆ ಊರಿನ ಮೇಳ ತರಿಸೋಣ ಅಂದರು ಹಿರಿಯರು. ಹಂಪವ್ವ ಒಪ್ಪಲಿಲ್ಲ. ಅವನ ನಾದ ನನ್ನ ಕಿವಿಯಲ್ಲಿದೆ, ಊರಿನ ಗಂಟಲಿಗೆ ಇಳಿಸುತ್ತೇನೆ ಅಂದಳಂತೆ.

ಇಳಿಸಿದಳು. ಬಂಡೆಗೆ ಬಟ್ಟೆ ಬಡಿಯುವಾಗ ಮಡಿವಾಳರ ಚೌಡನ ಎದೆಯಿಂದ ಬರುವ ಹೂಂಕಾರವೇ ಸಮಾಳವೆಂಬ ಚರ್ಮವಾದ್ಯದ ಪೆಟ್ಟಾಯಿತು. ಬೀಸುಕಲ್ಲಿನ ಮುದುಕಿಯರು ಶ್ರುತಿಯಾದರು. ಸನಾದಿಯನ್ನು ತಾನೂ ತಂಗಿ ಗಾಳೆವ್ವನೂ ಹಂಚಿಕೊಂಡರು. ಒಬ್ಬಳು ಉಸಿರೆಳೆಯುವಾಗ ಇನ್ನೊಬ್ಬಳು ಸ್ವರ ಹಿಡಿಯಬೇಕು. ಹಿಡಿದವಳು, ಇನ್ನೊಬ್ಬರು ಎತ್ತಿಕೊಳ್ಳುವ ತನಕ ಬಿಡಬಾರದು. ಅದೇ ಕಟ್ಟಳೆ.

ಒಂದು ಸಂಜೆ ಗಾಳೆವ್ವನಿಗೆ ಕೆಮ್ಮು ಬಂತು. ಇಬ್ಬರೂ ಒಟ್ಟಿಗೆ ಉಸಿರೆಳೆದರು. ನಾದ ತುಂಡಾಗಲಿಲ್ಲ. ಹೊಳೆಯ ಕಡೆಯಿಂದ ಯಾರೋ ಹಿಡಿದಿದ್ದರು.

"ಮೀನು ಹಾಡಕತ್ತಾವೇನೋ," ಅಂದ ಚೌಡ.

ಮರುಸಂಜೆ ಹಂಪವ್ವ ಬೇಕೆಂದೇ ತಂಗಿಯ ಜೊತೆಗೇ ಉಸಿರೆಳೆದಳು. ನಾದ ನಡುಹೊಳೆಯಿಂದ ಬಂತು. ಆಮೇಲೊಂದು ಸಂಜೆ ಗುಡಿಯಿಂದ ಹೊಳೆಗಿಳಿಯುವ ಮೆಟ್ಟಿಲಿನಿಂದ. ಆಮೇಲೆ ಅವಳ ಹೆಗಲ ಹಿಂದಿನಿಂದ. ಅವಳ ಸೆರಗು ಒದ್ದೆಯಾಗಿತ್ತು ಅಂತಾರೆ.

"ಅಕ್ಕಾ, ಸಾಕು ಮಾಡು. ಮಾವ ನಿನ್ನ ಕರಿಯಾಕ ಬಂದಾನ."

"ಕರದ್ರ ಹೊಕ್ಕೀನಿ ಬಿಡ."

ಗಾಳೆವ್ವ ಹೆದರಿದಳು. ಎತ್ತಿಕೊಳ್ಳುವವರಿಲ್ಲದಿದ್ದರೆ ಅವನು ಬಿಟ್ಟು ಹೋಗುತ್ತಾನೆ ಅಂತ ಊರವರನ್ನು ಒಪ್ಪಿಸಿದಳು. ಮರುದಿನ ಕೊಟ್ರಪ್ಪ ಸ್ವರ ಹಿಡಿದದ್ದೇ ತಡ, ಎಲ್ಲರೂ ಬಾಯಿ ಮುಚ್ಚಿದರು. ಹಂಪವ್ವನನ್ನು ಗುಡಿಯೊಳಗೆ ಎಳೆದು ಕದ ಹಾಕಿದರು, ಅವಳ ಬಾಯಿಗೆ ಸೆರಗು ಒತ್ತಿದರು. ಹೊರಗೆ ನಾದ ನಿಲ್ಲಲಿಲ್ಲ. ತೆಳ್ಳಗಾಯಿತು, ನಡುಗಿತು, ಆದರೂ ನಿಲ್ಲಲಿಲ್ಲ. ಎತ್ತಿಕೊಳ್ಳುವವರಿಲ್ಲದೆ ಅವನು ಬಿಡುವಂತಿರಲಿಲ್ಲ.

ಹಂಪವ್ವ ತಂಗಿಯ ಕೈ ಕಚ್ಚಿ ಬಿಡಿಸಿಕೊಂಡಳು. "ಉಸುರಿಲ್ಲದ ಸಾಯಾಕತ್ತಾನಲೇ!" ಅಂದಳು. ಸತ್ತವನು ಹೇಗೆ ಸಾಯುತ್ತಾನೆ ಅಂತ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಕದ ತೆರೆದು ಓಡಿ, ಸ್ವರ ಎತ್ತಿಕೊಂಡಳಂತೆ. ಒಮ್ಮೆ ಅವಳು, ಒಮ್ಮೆ ಅವನು. ಒಮ್ಮೆ ಅವಳು, ಒಮ್ಮೆ ಅವನು. ನಾದ ಮೆಟ್ಟಿಲು ಇಳಿಯಿತು, ನೀರಿಗೆ ಇಳಿಯಿತು. ಗಾಳೆವ್ವ ದಂಡೆಗೆ ಬಂದಾಗ ಹೊಳೆಯ ಮೇಲೆ ಯಾರೂ ಇರಲಿಲ್ಲ. ನಾದ ಇತ್ತು.

ಇವತ್ತಿಗೂ ಆ ಗುಡಿಯಲ್ಲಿ ವಾದ್ಯವಿಲ್ಲ, ಗಂಟಲುಗಳೇ. ಆರತಿಯ ನಡುವೆ ಒಂದು ಕಡೆ ಎಲ್ಲರೂ ಸುಮ್ಮನಾಗಿ ಹೊಳೆಗೆ ಕಿವಿಗೊಡುತ್ತಾರೆ. ಆಮೇಲೆ ಊರಿಗೆ ಊರೇ ಆ ಸ್ವರ ಎತ್ತಿಕೊಳ್ಳುತ್ತದೆ, ಮಕ್ಕಳು ಮುದುಕರು ಎಲ್ಲರೂ. ದೇವಿಗಾಗಿ ಅಲ್ಲ. ಅಷ್ಟು ಹೊತ್ತಾದರೂ ನೀರೊಳಗಿನ ಇಬ್ಬರೂ ಒಟ್ಟಿಗೆ ಉಸಿರಾಡಲಿ ಅಂತ.