ಅಡಿವೆಯ್ಯನ ಹಿತ್ತಾಳೆ ಲೈಟರ್

ಗುರು ಅಂದರೆ ಮುಗುಳ್ನಗುತ್ತಾ ಕೂತಿರುವವನು ಎಂದು ಯಾವ ಪುಣ್ಯಾತ್ಮ ಹೇಳಿದನೋ ಗೊತ್ತಿಲ್ಲ. ಹೊಳೆದಂಡೆಯ ಮುಕ್ಕಣ್ಣಜ್ಜ ನಗುತ್ತಿರಲಿಲ್ಲ, ಬೈಯುತ್ತಿದ್ದರು. ಅವರ ಸಿಟ್ಟನ್ನು ಸೋಸಿ ತೆಗೆದು ಈ ಕಥೆ ಹೇಳುವವರಿದ್ದಾರೆ. ಅಂಥವರನ್ನು ಕಂಡರೆ ನನಗೇ ಮೈ ಉರಿಯುತ್ತದೆ. ನಾನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಅವರ ಆಶ್ರಮದ ಕೆಳಗೆ ಹೊಳೆ. ಹೊಳೆಗೆ ಚಾಚಿಕೊಂಡ ಒಂದು ಬಂಡೆ. ಬಂಡೆಯ ಮೇಲೆ ಕಲ್ಲಿನ ಗೂಡು, ಗೂಡಿನಲ್ಲಿ ಎಣ್ಣೆಯ ದೀಪ.

ಆ ದಂಡೆಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ. ಸಂಜೆಯ ಕೊನೆಯ ಹರಿಗೋಲು ಆ ದೀಪವನ್ನು ನೋಡಿಕೊಂಡೇ ದಡಕ್ಕೆ ಬರಬೇಕು. ದೀಪ ಕಾಣದಿದ್ದರೆ ದಡ ತಪ್ಪುತ್ತದೆ. ದಡ ತಪ್ಪಿದರೆ ಮುಂದೆ ಬರೀ ಸೆಳವು ಮತ್ತು ಕಲ್ಲು.

ದೀಪ ಹಚ್ಚುವ ಪಾಳಿ ಶಿಷ್ಯ ಅಡಿವೆಯ್ಯನದು. ಮೂವತ್ತು ವರ್ಷದ ಗಟ್ಟಿ ಆಳು. ಜ್ಞಾನ ಬೇಕೆಂದು ಮನೆ ಬಿಟ್ಟು ಬಂದವನು. ದೀಪ ಹಚ್ಚುವುದನ್ನು ಅವನು ಒಂದು ಕೆಲಸವೆಂದೇ ಎಣಿಸಿರಲಿಲ್ಲ.

ಹೊಳೆಯ ತೇವಕ್ಕೆ ಕಡ್ಡಿಪೆಟ್ಟಿಗೆ ಮೆತ್ತಗಾಗುತ್ತಿತ್ತು. ಹತ್ತು ಕಡ್ಡಿ ಗೀರಿದರೆ ಒಂದು ಹತ್ತುತ್ತಿತ್ತು, ಅದನ್ನೂ ಗಾಳಿ ತಿನ್ನುತ್ತಿತ್ತು. ಅಡಿವೆಯ್ಯ ಸಂತೆಯಿಂದ ಪ್ಲಾಸ್ಟಿಕ್ ಲೈಟರ್ ತಂದ. ಅದು ಖಾಲಿಯಾಯಿತು, ಹೊಳೆಗೆ ಎಸೆದ. ಇನ್ನೊಂದು ತಂದ. ಅದನ್ನೂ ಎಸೆದ.

ಐದನೆಯದನ್ನು ಎಸೆಯುವಾಗ ಅಜ್ಜ ನೋಡಿದರು.

“ಏನದು ಒಗದಿದ್ದು?”

“ಖಾಲಿ ಆಗಿತ್ರಿ ಅಜ್ಜಾರ.”

“ಖಾಲಿ ಆದ್ರ ತುಂಬಬೇಕು. ಒಗೀತಾರೇನು?”

“ಅದು ತುಂಬೂದಲ್ರಿ.”

“ನಿನ್ನ ಹೊಟ್ಟಿ ದಿನಾ ಖಾಲಿ ಆಗತೈತಿ. ನಿನ್ನೂ ಹೊಳಿಗೆ ಒಗೀಲೇನು?”

ಅಜ್ಜ ಅಡಿವೆಯ್ಯನನ್ನು ಸೊಂಟಮಟ್ಟ ನೀರಿಗಿಳಿಸಿ, ಕೈಗೆ ಸಿಕ್ಕಷ್ಟನ್ನು ಹುಡುಕಿ ತೆಗೆಸಿದರು. ಮೂರು ಸಿಕ್ಕವು.

“ಹಂಗಾದ್ರ ಎಂಥಾದ್ದು ತರ್ಲಿ ಅಜ್ಜಾರ?”

“ನಿನ್ನ ಕೈಲೇ ಬಿಚ್ಚಿ ನಿನ್ನ ಕೈಲೇ ಜೋಡಿಸಾಕ ಬರೂದು ತಾ. ಗಾಳಿಗೆ ಅಂಜಬಾರ್ದು. ಒಂದ ಕೈಲೆ ಹತ್ತಬೇಕು. ಹೋಗು, ಹೋಗು, ನನ್ನ ಮಾರಿ ಏನ್ ನೋಡ್ತಿ?”

ಪೇಟೆಯಲ್ಲಿ ವಾಚ್ ರಿಪೇರಿ ಮಾಡುವ ಒಬ್ಬ ಸಾಬರಿದ್ದರು. ಅವರ ಗಾಜಿನ ಪೆಟ್ಟಿಗೆಯಲ್ಲಿ ಹಳೆಯ ಹಿತ್ತಾಳೆಯ ಪೆಟ್ರೋಲ್ ಲೈಟರ್ ಒಂದಿತ್ತು. ಅಂಗೈಯಲ್ಲಿ ಹಿಡಿಸುವಂಥದು, ಮುಚ್ಚಳ ತೆರೆದರೆ ಟಪ್ಪೆನ್ನುತ್ತಿತ್ತು.

ಸಾಬರು ಅದನ್ನು ಪೂರ್ತಿ ಬಿಚ್ಚಿ ತೋರಿಸಿದರು. “ಕಿಡಿ ಹಾರಿಸೂದು ಈ ಕಲ್ಲು, ಈ ಗಾಲಿ. ಇದು ಬತ್ತಿ. ಒಳಗ ಹತ್ತಿ, ಹತ್ತಿಗೆ ಪೆಟ್ರೋಲ್. ಕಲ್ಲು ಸವದ್ರ ಕಲ್ಲು ಸಿಗತದ, ಬತ್ತಿ ಸುಟ್ರ ಬತ್ತಿ ಸಿಗತದ. ನೀವು ಇರೂತನಕ ಇದು ಇರತದ ಸ್ವಾಮ್ಯಾರ.”

ಅಡಿವೆಯ್ಯನಿಗೆ ಆ ಕೊನೆಯ ಮಾತೊಂದೇ ಕಿವಿಗೆ ಬಿತ್ತು.

ಲೈಟರ್ ಬಂತು. ಆಹಾ, ಅದೇನು ಉಪಚಾರ! ದಿನಾ ಹುಣಸೆಹಣ್ಣು ಹಚ್ಚಿ ತಿಕ್ಕಿದ. ಬೂದಿ ಹಚ್ಚಿ ಬೆಳಗಿದ. ಅದಕ್ಕೊಂದು ಮಖಮಲ್ಲಿನ ಚೀಲ ಹೊಲಿದ. ಬಂದ ಭಕ್ತರಿಗೆಲ್ಲ ಟಪ್ಪೆಂದು ತೆರೆದು ತೋರಿಸಿದ. ಸಂಜೆ ಒಂದೇ ಏಟಿಗೆ ದೀಪ ಹತ್ತುತ್ತಿತ್ತು. ಅಜ್ಜ ಬೈಯಲಿಲ್ಲ. ಅಜ್ಜ ಬೈಯದಿದ್ದರೆ ಅದೇ ಹೊಗಳಿಕೆ ಎಂದು ಅವನು ಬೀಗಿದ.

ಶ್ರಾವಣ ಬಂತು. ಸೋಮವಾರ ಬೆಳಿಗ್ಗೆ ಅಡಿವೆಯ್ಯನಿಗೆ ಒಂದು ಯೋಚನೆ ಹೊಳೆಯಿತು. ಗಂಗಮ್ಮನ ಹೊಳೆಗೆ ಹಚ್ಚುವ ದೀಪ, ಹಚ್ಚುವುದು ಮೋಟಾರಿಗೆ ಹಾಕುವ ಪೆಟ್ರೋಲಿನಿಂದ! ಎಂಥ ನಾತ! ಶ್ರಾವಣದಲ್ಲಿ ಎಂಥ ಮೈಲಿಗೆ!

ನೋಡಿ, ನನಗೆ ರೇಗುವುದು ಇಲ್ಲೇ.

ಅವನು ಲೈಟರಿನ ಹತ್ತಿಯನ್ನು ಹಿಂಡಿ ಪೆಟ್ರೋಲು ತೆಗೆದ. ದೇವರ ಮುಂದಿನ ಕುಸುಬಿ ಎಣ್ಣೆಯನ್ನು ಅದಕ್ಕೆ ತುಂಬಿದ. ಲೈಟರನ್ನು ಜಗಲಿಯ ಮೇಲಿಟ್ಟು ಮೂರು ಬೆರಳಿನಿಂದ ವಿಭೂತಿ ಎಳೆದ. ಗಾಲಿಯ ಮೇಲೆ ಒದ್ದೆ ಕುಂಕುಮ ಇಟ್ಟ, ಹೂವು ಏರಿಸಿದ, ಕೈ ಮುಗಿದ.

ಸಂಜೆ ಬಂಡೆಯ ಮೇಲೆ ನಿಂತು ಗಾಲಿ ತಿರುವಿದ. ತಿರುಗಲಿಲ್ಲ. ಮತ್ತೆ ತಿರುವಿದ. ಗಾಲಿಯ ಹಲ್ಲಿನಲ್ಲಿ ಕುಂಕುಮ ಒಣಗಿ ಕಟ್ಟಿಕೊಂಡಿತ್ತು. ಉಗುರಿನಿಂದ ಕೆರೆದ. ಕಿಡಿ ಹಾರಿತು, ಬತ್ತಿ ಹತ್ತಲಿಲ್ಲ. ಎಣ್ಣೆ ಕುಡಿದ ಬತ್ತಿ ಕಿಡಿಗೆ ಎಲ್ಲಿ ಹತ್ತೀತು?

ಅವನು ಆಶ್ರಮದ ಒಲೆಗೆ ಓಡಿದ. ಕುಳ್ಳಿನ ಕೆಂಡ ಹಿಡಿದು ಊದುತ್ತಾ ಇಳಿದು ಬಂದ. ದೀಪ ಹತ್ತಿತು. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು.

ಅಂಬಿಗರ ದುರುಗಪ್ಪನ ಹರಿಗೋಲು ದಡ ತಪ್ಪಿ ಕಲ್ಲಿಗೆ ಹೋಗಿತ್ತು. ಒಳಗಿದ್ದ ಆರು ಜನ ಜಾಲಿಯ ಕೊಂಬೆ ಹಿಡಿದು ಬದುಕಿದರು. ಅವರು ಇಳಿಯುವತನಕ ದುರುಗಪ್ಪ ಆ ಕಲ್ಲನ್ನು ಕೈಯಿಂದ ತಳ್ಳಿ ಹಿಡಿದಿದ್ದ. ಹರಿಗೋಲಿಗೂ ಕಲ್ಲಿಗೂ ನಡುವೆ ಅವನ ಬಲಗೈ ಜಜ್ಜಿಹೋಯಿತು. ಹುಟ್ಟು ಹಾಕುವ ಕೈ.

ಮರುದಿನ ಅವನ ಹೆಂಡತಿ ಹುಲಿಗೆವ್ವ ಆಶ್ರಮಕ್ಕೆ ಬಂದಳು. ಚಪ್ಪಲಿ ಬಿಡಲಿಲ್ಲ.

“ಎಲ್ಲದಾನ ಅವನು? ದೀಪಾ ಹಚ್ಚಾವ ಎಲ್ಲದಾನ?”

ಅಡಿವೆಯ್ಯ ಕಣ್ಣು ಮುಚ್ಚಿ ಕೂತಿದ್ದ. ತೆರೆದ. ಮೆಲ್ಲಗೆ ಹೇಳಿದ, “ಎಲ್ಲಾ ಅವನಿಚ್ಛೆ ತಾಯಿ. ನಮ್ಮ ಕೈಯಾಗ ಏನೈತಿ?”

“ನಿನ್ನ ಕೈಯಾಗ ಲೈಟರ್ ಇತ್ತಲ್ಲೋ ಮೂಳಾ!”

ಅಡಿವೆಯ್ಯ ಅಜ್ಜನ ಕಡೆ ನೋಡಿದ, ಬಿಡಿಸಿಕೊಳ್ಳಲಿ ಎಂದು. ಅಜ್ಜ ಅವನ ಚೀಲದಿಂದ ಲೈಟರ್ ಕಿತ್ತುಕೊಂಡು ಹುಲಿಗೆವ್ವನ ಕೈಗಿಟ್ಟರು.

“ಬಿಚ್ಚವ್ವಾ. ಬಿಚ್ಚಿ ನೋಡು.”

ಆಕೆ ಬಿಚ್ಚಿದಳು. ಮೂಸಿದಳು.

“ಎಣ್ಣಿ! ಅಡಿಗಿ ಎಣ್ಣಿ! ಒಗ್ಗರಣಿ ಹಾಕಾಕ ಹೊಂಟಿದ್ದ್ಯಾ? ಇಲ್ಲಿ ನನ್ನ ಗಂಡನ ಕೈ ಹೋತು, ಇಂವಾ ಒಗ್ಗರಣಿ ಹಾಕ್ತಾನ!”

“ಭಕ್ತಿಯಿಂದ ಮಾಡಿದ್ನಿ ತಾಯಿ…”

ಅಜ್ಜ ಎದ್ದು ನಿಂತರು. ಕೈ ಎತ್ತಿದರು. ಹೊಡೆದೇಬಿಡುತ್ತಾರೆ ಎಂದುಕೊಂಡರು ಎಲ್ಲರೂ. ಹೊಡೆಯಲಿಲ್ಲ.

“ಭಕ್ತಿ! ಆಕಳಿಗೆ ಹುಲ್ಲು ಹಾಕಬೇಕೋ, ಹೋಳಿಗಿ ಹಾಕಬೇಕೋ? ಅದು ಏನ್ ತಿಂತೈತಿ ಅಂತ ಕೇಳಲಿಲ್ಲ ನೀನು. ನಿನಗ ಏನ್ ಚಲೋ ಅನಿಸ್ತು, ಅದನ್ನ ತುರುಕಿದಿ. ಅದಕ್ಕ ಭಕ್ತಿ ಅಂತ ಹೆಸರಿಟ್ಟಿ. ಎದ್ದೇಳು!”

“ಎಲ್ಲಿಗ್ರಿ?”

“ಹೊಳಿಗೆ. ದುರುಗಪ್ಪನ ಕೈ ಕೂಡಿ ಬರೂತನಕ ಹುಟ್ಟು ನೀನು ಹಾಕು.”

“ನನಗ ಹರಿಗೋಲು ಬರೂದಿಲ್ರಿ!”

“ಆಕಿ ಕಲಸ್ತಾಳ.”

“ನಾ ಕಲಸೂದಿಲ್ಲ,” ಎಂದಳು ಹುಲಿಗೆವ್ವ. “ಇವನ ಮಾರಿ ನೋಡಿದ್ರ ನನಗ ನೀರಿಗೆ ನೂಕಬೇಕು ಅನಸ್ತೈತಿ.”

“ನೂಕವ್ವಾ. ಈಸಾಕ ಬರತೈತಿ ಅವನಿಗೆ.”

ನೂಕಿದಳು. ಒಂದಲ್ಲ, ಎರಡು ಸಲ. ಆಮೇಲೆ ಕಲಿಸಿದಳು. ಹರಿಗೋಲು ಗುಂಡಗೆ ತಿರುಗಿದಷ್ಟು ಸಲ ಬೈದಳು. ಒಂದು ತಿಂಗಳಲ್ಲಿ ಅಡಿವೆಯ್ಯನ ಅಂಗೈಯಲ್ಲಿ ಬೊಬ್ಬೆ ಒಡೆದು ಜಡ್ಡುಗಟ್ಟಿತು. ಅವನೊಬ್ಬನೇ ಜನರನ್ನು ದಾಟಿಸುವಂತಾದ.

ಅಲ್ಲಿಯತನಕ ಒಲೆಯ ಕೆಂಡ ತಂದು ಅವನೇ ದೀಪ ಹಚ್ಚುತ್ತಿದ್ದ. ಇನ್ನು ಸಂಜೆ ಅವನು ನೀರಿನಲ್ಲಿದ್ದರೆ ಹಚ್ಚುವವರು ಯಾರು?

“ನಾ ಹಚ್ತೀನ್ರಿ,” ಎಂದ ದುರುಗಪ್ಪ. ಬಲಗೈಗೆ ಬಿದಿರು ದಬ್ಬೆ ಕಟ್ಟಿದ್ದರು. “ಎಡಗೈ ಐತಲ್ರಿ. ಕಡ್ಡಿ ಗೀರಾಕ ಎರಡು ಕೈ ಬೇಕು. ಲೈಟರಿಗೆ ಒಂದು ಸಾಕು.”

ಅಜ್ಜ ಅಡಿವೆಯ್ಯನ ಕಡೆ ತಿರುಗಿದರು. “ಹಚ್ಚೂದು ಅಂವಾ. ಲೈಟರ್ ನೋಡಿಕೊಳ್ಳೂದು ನೀನು.”

ಅಡಿವೆಯ್ಯ ಜಾಲಿಮುಳ್ಳಿನಿಂದ ಹಳೆ ಹತ್ತಿಯನ್ನೆಲ್ಲ ಎಳೆದು ತೆಗೆದ. ಒಳಗನ್ನು ಅಂಟವಾಳದ ನೀರಿನಲ್ಲಿ ತೊಳೆದು ಬಿಸಿಲಿಗಿಟ್ಟ. ಗಾಲಿಯ ಒಂದೊಂದು ಹಲ್ಲಿನಿಂದಲೂ ಕುಂಕುಮ ಕೆರೆದ. ಹೊಸ ಹತ್ತಿ, ಹೊಸ ಬತ್ತಿ, ಹೊಸ ಕಲ್ಲು. ಪೆಟ್ರೋಲ್ ತುಂಬಿದ. ತಿರುವಿದ, ಹತ್ತಿತು. ದುರುಗಪ್ಪನ ಕೈಗೆ ಕೊಟ್ಟ.

ಒಂದು ವಾರ ಸುಸೂತ್ರವಾಗಿ ಹೋಯಿತು. ಎರಡನೆಯ ವಾರವೂ ಹೋಯಿತು. ಸೋಮವಾರ ತುಂಬುವುದು, ಗುರುವಾರ ಬಿಚ್ಚಿ ನೋಡುವುದು. ಮೂರನೆಯ ವಾರ ಗುರುವಾರ ಅವನು ನೋಡಲಿಲ್ಲ. ಆದರೆ ಲೈಟರಿನ ಹೊರಮೈ ಮಾತ್ರ ಫಳಫಳ. ಅದನ್ನು ತಿಕ್ಕುವುದನ್ನು ಅವನು ಒಂದು ದಿನವೂ ಬಿಟ್ಟವನಲ್ಲ!

ಭಾನುವಾರ ಸಂಜೆ ಗಾಳಿ ಎದ್ದಿತು. ಹರಿಗೋಲಿನಲ್ಲಿ ನಾಲ್ಕು ಜನ, ಒಂದು ಆಡು. ನಡುಹೊಳೆಯಲ್ಲಿ ಅಡಿವೆಯ್ಯ ತಲೆಯೆತ್ತಿ ನೋಡಿದ.

ದೀಪ ಇರಲಿಲ್ಲ.

ಇನ್ನೆರಡು ಸಲ ಹುಟ್ಟು ಹಾಕಿ ನೋಡಿದ. ಇರಲಿಲ್ಲ. ಬಂಡೆ ಯಾವುದು, ದಡ ಯಾವುದು, ಎಲ್ಲ ಒಂದೇ ಕಪ್ಪು. ಹರಿಗೋಲು ಸೆಳವಿಗೆ ವಾಲತೊಡಗಿತು. ಒಬ್ಬ ಮುದುಕಿ ಗಂಗಮ್ಮನನ್ನು ಕೂಗತೊಡಗಿದಳು.

“ದುರುಗಪ್ಪಾ!” ಅಡಿವೆಯ್ಯ ಒದರಿದ. “ಏನ್ ಮಾಡಾಕತ್ತಿ? ಸತ್ತೀ ಏನು? ದೀಪಾ ಹಚ್ಚೋ!”

ಗಾಳಿಯಲ್ಲಿ ಹುಲಿಗೆವ್ವನ ದನಿ ಬಂತು. “ಎಡಕ್ಕ ಹಾಕೋ! ಎಡಕ್ಕ! ನನ್ನ ದನೀಗೆ ಬಾ!”

ಆ ದನಿಗೆ ಅವನು ಹುಟ್ಟು ಹಾಕಿದ. ತೋಳು ಕಿತ್ತು ಬರುವಂತೆ ಹಾಕಿದ. ಹರಿಗೋಲು ಒಮ್ಮೆ ಕಲ್ಲಿಗೆ ಉಜ್ಜಿ, ತಿರುಗಿ, ಕೆಸರಿಗೆ ಬಂದು ನಿಂತಿತು. ಜನ ಇಳಿದರು. ಆಡೂ ಇಳಿಯಿತು.

ಅಡಿವೆಯ್ಯ ಬಂಡೆಗೆ ಹಾರಿದ. ಅವನಿಗೆ ಕಣ್ಣು ಕಾಣುತ್ತಿರಲಿಲ್ಲ, ಅಷ್ಟು ಸಿಟ್ಟು. ದುರುಗಪ್ಪನ ಎದೆಯ ಅಂಗಿ ಹಿಡಿದ.

“ಒಂದು ದೀಪಾ ಹಚ್ಚಾಕ ಆಗೂದಿಲ್ಲೇನೋ ನಿನಗ? ನಾಲ್ಕು ಜೀವಾ ಇದ್ವು ನನ್ನ ಕೈಯಾಗ! ಮುಣಗಿದ್ರ ಯಾರಿಗೆ ಹೇಳ್ತಿದ್ದಿ? ಏನ್ ಮಾಡಾಕತ್ತಿದ್ದಿ ಇಷ್ಟೊತ್ತು?”

ಅಜ್ಜ ಕೆಂಡದ ಹೆಂಚು ಹಿಡಿದು ಆಗತಾನೇ ಇಳಿದು ಬಂದಿದ್ದರು. ಕೆಂಡ ಊದಿ ದೀಪ ಹಚ್ಚಿದರು. ಆ ಬೆಳಕಿನಲ್ಲಿ ದುರುಗಪ್ಪನ ಎಡಗೈ ಕಾಣಿಸಿತು.

ಹೆಬ್ಬೆರಳಿನ ತೊಗಲು ಕಿತ್ತುಹೋಗಿತ್ತು. ಗಾಲಿ ತಿರುವಿ ತಿರುವಿ, ರಕ್ತ ಮೊಣಕೈತನಕ ಇಳಿದಿತ್ತು. ಆಗಲೂ ಅವನು ಲೈಟರ್ ಬಿಟ್ಟಿರಲಿಲ್ಲ.

“ಕಿಡಿ ಹಾರತೈತ್ರಿ,” ಎಂದ ದುರುಗಪ್ಪ, ತನ್ನದೇ ತಪ್ಪೆನ್ನುವಂತೆ. “ಬತ್ತಿ ಹತ್ತವಲ್ದು.”

ಅಡಿವೆಯ್ಯ ಲೈಟರ್ ಕಸಿದುಕೊಂಡು ಬಿಚ್ಚಿದ. ಹತ್ತಿ ಪೂರ್ತಿ ಒಣಗಿಹೋಗಿತ್ತು. ಪೆಟ್ರೋಲಿನ ವಾಸನೆಯೂ ಉಳಿದಿರಲಿಲ್ಲ.

“ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂ,” ಎಂದಳು ಹುಲಿಗೆವ್ವ. ಕೂಗಿ ಕೂಗಿ ಅವಳ ಗಂಟಲು ಕಟ್ಟಿಹೋಗಿತ್ತು.

“ತುಂಬಿದ್ನಿ ಅಜ್ಜಾರ! ದೇವರಾಣಿ ತುಂಬಿದ್ನಿ!”

“ಯಾವತ್ತು?”

“ಸೋಮವಾರ.”

“ಇವತ್ತು?”

“ಭಾನುವಾರ. ಆದ್ರ ದಿನಕ್ಕ ಒಂದ ಸಲ ಹಚ್ಚೂದು, ಅಷ್ಟಕ್ಕ ಹೆಂಗ ಖಾಲಿ ಆತು?”

“ಮುಚ್ಚಿಟ್ರೂ ಆರಿ ಗಾಳಿಗೆ ಹೋಗತೈತೋ ಪೆಟ್ರೋಲು! ಹಚ್ಚಿದ್ರೂ ಆರತೈತಿ, ಹಚ್ಚದಿದ್ರೂ ಆರತೈತಿ. ತುಂಬಿದ್ನಿ, ತುಂಬಿದ್ನಿ ಅಂತ ಹೇಳೂದರಾಗ ಆರತೈತಿ!”

ಅಡಿವೆಯ್ಯನಿಗೆ ತಾನು ಹಿಡಿದಿದ್ದು ಯಾರ ಅಂಗಿ ಎಂದು ಆಗ ತಿಳಿಯಿತು. ಅವನ ಸಿಟ್ಟೆಲ್ಲ ಇಳಿದು ಅಳು ಬಂತು. ಮೂವತ್ತು ವರ್ಷದ ಆಳು ಬಂಡೆಯ ಮೇಲೆ ಉದ್ದಕ್ಕೆ ಬಿದ್ದು ಅಜ್ಜನ ಎರಡೂ ಕಾಲು ತಬ್ಬಿಕೊಂಡ.

“ತಪ್ಪಾತ್ರಿ ಅಜ್ಜಾರ. ತಪ್ಪಾತು. ನನಗ ಬುದ್ಧಿ ಕೊಡ್ರಿ. ನೀವು ಉದ್ಧಾರ ಮಾಡದಿದ್ರ ನನಗ ಯಾರು ಗತಿ?”

ಅಜ್ಜ ಕಾಲು ಕಿತ್ತುಕೊಂಡರು.

“ನನ್ನ ಕಾಲು ಬಿಡೋ! ಅವನ ಹೆಬ್ಬಟ್ಟಿಗೆ ಮೊದಲು ಅರಿಬಿ ಸುತ್ತು.”