ಮೂರು ಹುಟ್ಟಿನ ಲೆಕ್ಕ

"ಗುರುಗಳೇ, ವೇಗ ಹೆಚ್ಚಿಸಿದರೆ ಈ ಯಂತ್ರ ಯಾಕೆ ತಪ್ಪು ಹೇಳುತ್ತದೆ?" ಎಂದು ಧರಣೇಂದ್ರ ಕೇಳಿದ.

ಅವನ ಕೈಯಲ್ಲಿ ಗ್ರಾಫ್ ಬಿಡಿಸುವ ಕ್ಯಾಲ್ಕುಲೇಟರ್ ಇತ್ತು. ಅದರೊಳಗೆ ಲೆಕ್ಕದ ವೇಗ ನಡೆಸುವ ಗಡಿಯಾರದ ಬಡಿತವನ್ನು ಅವನೇ ಚುರುಕು ಮಾಡಿದ್ದ. ತನ್ನ ಜಾಣತನದ ಮೇಲೆ ಅವನಿಗೆ ಪ್ರೀತಿ ಸ್ವಲ್ಪ ಹೆಚ್ಚೇ. ಊರ ಹೊಳೆಯ ತೂಗುಸೇತುವೆಗೆ ಹಗ್ಗದ ದಪ್ಪವನ್ನು ಅದೇ ವೇಗದಲ್ಲಿ ಲೆಕ್ಕ ಹಾಕಿ ಕೊಟ್ಟು ಶಹಬ್ಬಾಸ್ ಎನಿಸಿಕೊಂಡಿದ್ದ. ಸೇತುವೆಯ ಮೇಲೆ ಈಗ ಜನ ಓಡಾಡುತ್ತಿದ್ದರು. ಬೆಳಿಗ್ಗೆ ಅವನ ತಾಯಿಯೂ ಅದನ್ನು ದಾಟಿ ಸಂತೆಗೆ ಹೋಗಿದ್ದಳು. ಮಧ್ಯಾಹ್ನ ಯಂತ್ರ ಬಿಡಿಸಿದ ಗೆರೆಯೊಂದು ಇರಬಾರದ ಕಡೆ ಹಾರಿತು.

ಗುರು ಯಂತ್ರವನ್ನು ನೋಡಲಿಲ್ಲ. ಕತೆ ಹೇಳಿದರು.

ಬಂಡೆಗಳ ಹೊಳೆಯಲ್ಲಿ ಒಬ್ಬ ಅಂಬಿಗನಿದ್ದ. ಮಂಜು ಕವಿದರೆ ಅವನಿಗೆ ಏನೂ ಕಾಣದು. ದಡದಲ್ಲಿ ಒಬ್ಬ ಮುದುಕಿ ಇದ್ದಳು. ಅವಳಿಗೆ ಪ್ರತಿ ಬಂಡೆಯೂ ನೆನಪಿತ್ತು. ಅಂಬಿಗ "ಯಾವ ಕಡೆ?" ಎಂದು ಕೂಗಿ ಮೂರು ಹುಟ್ಟು ಹಾಕುವನು. ಅಷ್ಟರಲ್ಲಿ ಅವಳು ನೆನಪಿಸಿಕೊಂಡು "ಎಡ" ಎಂದೋ "ಬಲ" ಎಂದೋ ಕೂಗಿರುವಳು. ಮೂರು ಹುಟ್ಟು ಮುಗಿದಾಗ ಕಿವಿಯಲ್ಲಿ ಉಳಿದ ಕೊನೆಯ ಮಾತು ಯಾವುದೋ, ಆ ಕಡೆಗೆ ಅವನು ತಿರುಗುವನು.

ಮಂಜು ಕವಿದ ಒಂದು ದಿನ ಅವಸರದ ವ್ಯಾಪಾರಿಯೊಬ್ಬ ತನ್ನ ಗಟ್ಟಿ ಆಳುಗಳನ್ನು ಹುಟ್ಟಿಗೆ ಕೂರಿಸಿದ. ದೋಣಿಯಲ್ಲಿ ಅಂಬಿಗನ ಹೆಂಡತಿಯಿದ್ದಳು, ಹಸುಗೂಸೂ ಇತ್ತು. ಅಂಬಿಗ ಹೆದರುತ್ತಲೇ ಒಪ್ಪಿದ. ಮೊದಲ ಬಂಡೆ ದಾಟಿತು, ಎರಡನೆಯದೂ ದಾಟಿತು.

"ಸುಮ್ಮನೆ ಹೆದರಿದೆಯಲ್ಲಯ್ಯ! ಇನ್ನೂ ಜೋರಾಗಿ ಹಾಕಿಸು" ಎಂದ ವ್ಯಾಪಾರಿ.

ಜೋರಾಗಿ ಹಾಕಿದರು. ಮುಂದಿನ ಬಂಡೆಯ ಬಳಿ ಮೂರು ಹುಟ್ಟು ಮುಗಿದರೂ ಉತ್ತರ ಬಂದಿರಲಿಲ್ಲ. ಕಿವಿಯಲ್ಲಿದ್ದದ್ದು ಹಿಂದಿನ ಬಂಡೆಯ "ಬಲ". ಅಂಬಿಗ ಬಲಕ್ಕೆ ತಿರುಗಿದ. ಅಲ್ಲಿ ಸರಿಯಾದ ದಾರಿಯೂ ಬಲವೇ ಆಗಿತ್ತು. ಏನೂ ಆಗಲಿಲ್ಲ. ತಾನು ಹಳೆಯ ಮಾತು ಕೇಳಿ ತಿರುಗಿದೆನೆಂದು ಅವನಿಗೆ ಗೊತ್ತೂ ಆಗಲಿಲ್ಲ.

ಅದರಾಚೆಯ ಬಂಡೆಯಲ್ಲೂ ಹಾಗೇ ತಿರುಗಿದ. ದೋಣಿ ಬಡಿದು ಒಡೆಯಿತು. ನೀರಿನಲ್ಲಿ ಅವನು ಹೆಂಡತಿಯ ಸೆರಗಿಗಾಗಿ ತಡಕಾಡುತ್ತಿದ್ದಾಗ ದಡದಿಂದ ಮುದುಕಿಯ ದನಿ ಕೇಳಿಸಿತು: "ಎಡ."

"ಮುದುಕಿ ಬೇಗ ಹೇಳಬಹುದಿತ್ತಲ್ಲ?" ಎಂದ ಧರಣೇಂದ್ರ.

"ನೆನಪಿಸಿಕೊಳ್ಳಲು ಅವಳಿಗೆ ಅಷ್ಟು ಹೊತ್ತು ಬೇಕೇ ಬೇಕು. ನಿನ್ನ ಯಂತ್ರದಲ್ಲಿ ಲೆಕ್ಕ ಮಾಡುವ ಭಾಗ ಅಂಬಿಗ, ನೆನಪಿಡುವ ಭಾಗ ಮುದುಕಿ. ನೀನು ಹುಟ್ಟಿನ ವೇಗ ಹೆಚ್ಚಿಸಿದೆ. ಆದರೆ ಉತ್ತರಕ್ಕೆ ಹಿಂದಿನಂತೆ ಮೂರೇ ಹುಟ್ಟು ಕಾದೆ."

ಧರಣೇಂದ್ರ ಯಂತ್ರವನ್ನು ಎದೆಗೆ ಒತ್ತಿಕೊಂಡ. ಅವನಿಗೆ ಭಯವಾಗುತ್ತಿತ್ತು. ಯಾಕೆಂದು ಬಾಯಿಬಿಟ್ಟು ಹೇಳಲು ಇನ್ನೂ ಭಯ.

"ಗೆರೆ ಹಾರಿದ್ದು ಇವತ್ತು ಮಾತ್ರ, ಗುರುಗಳೇ. ಅದಕ್ಕೆ ಮೊದಲು ಎಲ್ಲವೂ ಸರಿಯಾಗಿಯೇ ಬಂದಿತ್ತು" ಎಂದ.

ಗುರು ಎದ್ದು ಹೊಳೆಯ ದಾರಿಯ ಕಡೆ ನೋಡಿದರು.

"ನಿನ್ನ ತಾಯಿ ಸಂತೆಯಿಂದ ತಿರುಗಿ ಬರುವುದು ಎಷ್ಟು ಹೊತ್ತಿಗೆ?"