ಹಕ್ಕಳೆ ಕಿತ್ತ ಕಾಗೆ

ಎಮ್ಮೆಕರುವಿಗೆ ನೆಗಡಿಯೇನೋ ಬಿಟ್ಟಿತ್ತು. ಸಿಂಬಳ ಮಾತ್ರ ಒಣಗಿ ಹೊಳ್ಳೆಯೊಳಗೆ ಹಕ್ಕಳೆ ಕಟ್ಟಿತ್ತು. ಕರುವಿಗೆ ಹಗಲೆಲ್ಲ ಅದರದೇ ಧ್ಯಾನ.

"ಬಾನಿಯ ನೀರು ಬೆಚ್ಚಗಿದೆ. ಮೂಗು ತೋಯಿಸಿಕೊಳ್ಳುತ್ತಾ ಇರು. ನೆನೆದ ಮೇಲೆ ಒಂದು ಸಲ ಸೀನಿದರೆ ತಾನಾಗಿ ಬೀಳುತ್ತದೆ" ಎಂದಿತು ತಾಯಿ.

"ಎಷ್ಟು ಹೊತ್ತು?"

"ನೆನೆಯುವಷ್ಟು ಹೊತ್ತು."

ಕರು ಮುಖ ಸಿಂಡರಿಸಿತು. ಕೊಟ್ಟಿಗೆಯ ಸೂರಿನ ಮೇಲಿದ್ದ ಕಾಗೆ ಇದನ್ನು ಕೇಳಿ ಕೆಳಗಿಳಿಯಿತು. "ಇಷ್ಟಕ್ಕೆಲ್ಲ ನೀರೇಕೆ, ಮರಿ? ಒಂದೇ ಕುಕ್ಕು ಸಾಕು. ನನಗೇನೂ ಕೊಡಬೇಡ."

"ಹಾಗಾದರೆ ಕುಕ್ಕು, ಕಾಗಣ್ಣ" ಎಂದು ಕರು ಮೂತಿ ಎತ್ತಿತು.

ಹಕ್ಕಳೆ ಚರ್ಮದ ಸಮೇತ ಕಿತ್ತು ಬಂತು. ಕಣ್ಣಲ್ಲಿ ನೀರು ಬಂದರೂ ಗಾಳಿ ತಣ್ಣಗೆ ಒಳಗೆ ಹೋಯಿತು. ಆಹಾ, ಎಂಥ ಸುಖ! ಅಮ್ಮನಿಗೇನು ಗೊತ್ತು ಎಂದುಕೊಂಡಿತು ಕರು.

ಬೆಳಗಾಗುವಷ್ಟರಲ್ಲಿ ರಕ್ತ ಒಣಗಿ ಮೊದಲಿಗಿಂತ ದಪ್ಪ ಹಕ್ಕಳೆ ಕಟ್ಟಿತ್ತು. ಈ ಸಲ ಕರುವೇ ಕಾಗೆಯನ್ನು ಕೂಗಿ ಕರೆಯಿತು. ಕಾಗೆ ಕಿತ್ತಿತು. ಮತ್ತೆ ಕಟ್ಟಿತು, ಮತ್ತೆ ಕರೆಯಿತು, ಮತ್ತೆ ಕಿತ್ತಿತು. ಹೊಳ್ಳೆ ಬಾತು, ಕೀವಾಗಿ, ಹುಳು ಬಿತ್ತು. ತಾಯಿ ನೆಕ್ಕಲು ಬಂದರೆ ಕರು ನೋವಿಗೆ ತಲೆ ಕೊಡವಿ ದೂರ ಓಡುತ್ತಿತ್ತು.

ಒಂದು ಬೆಳಿಗ್ಗೆ ಅದಕ್ಕೆ ಮೇಲೇಳಲೂ ಆಗಲಿಲ್ಲ. ಕಾಗೆ ಬಂದು ಪಕ್ಕದಲ್ಲಿ ಕೂತಿತ್ತು. ಅದರ ಬಳಗವೆಲ್ಲ ಸೂರಿನ ಮೇಲೆ ಸಾಲಾಗಿ ಕೂತಿತ್ತು.

"ಇವತ್ತು ಮೂಗು ಕುಕ್ಕಬೇಡ, ಕಾಗಣ್ಣ. ನಾನು ಕರೆಯಲೂ ಇಲ್ಲವಲ್ಲ" ಎಂದಿತು ಕರು.

ಕಾಗೆ ಅದರ ಕಣ್ಣನ್ನೇ ನೋಡುತ್ತಾ ಹೇಳಿತು: "ಇವತ್ತು ನಾವು ಮೂಗಿಗಾಗಿ ಬಂದಿಲ್ಲ, ಮರಿ."